ಮುರಕಲ್ಲಿನಿಂದ ಇಳಿಯುವುದು

"ಸರ್, ಮೆಟ್ಟಿಲು ಇಳಿಯುವಾಗ ಮಂಡಿ ಕೆಳಗೆ ಚುಚ್ತದೆ." ನಮ್ಮ ತಂಡದ ವೇಗದ ಬೌಲರ್ ಹುಡುಗ ಹೀಗೆ ಹೇಳಿದಾಗ ಪ್ಲೈಯೊಮೆಟ್ರಿಕ್ ತರಬೇತಿ, ಅಂದರೆ ಜಿಗಿತ-ಪುಟಿತದ ಕಸರತ್ತು, ಶುರುಮಾಡಿ ಮೂರು ವಾರ ಆಗಿತ್ತು. ಅವನಿಗೆ ಹದಿನಾಲ್ಕು ವರ್ಷ. ದಿನಕ್ಕೆ ಇನ್ನೂರು ಜಿಗಿತ, ಅದೂ ಇಂಟರ್‌ಲಾಕ್ ಹಾಕಿದ ಅಂಗಳದಲ್ಲಿ. ತಪ್ಪು ನನ್ನದೇ.

ಎತ್ತರದಿಂದ ಇಳಿದು ತಕ್ಷಣ ಜಿಗಿಯುವ ಕಸರತ್ತನ್ನು ಸೋವಿಯತ್ ಕೋಚ್ ಯೂರಿ ವೆರ್ಖೋಶಾನ್ಸ್ಕಿ ರೂಪಿಸಿದ್ದು ಜಿಗಿತದ ಕ್ರೀಡಾಪಟುಗಳಿಗಾಗಿ. ಅವರ ದೇಹ ಆಗಲೇ ಬಲಿತು ಪಳಗಿತ್ತು. ನಾನು ಅದನ್ನು ಹಾಗೆಯೇ ತಂದು ಬೆಳೆಯುವ ಮಕ್ಕಳ ಮೇಲೆ ಹೇರಿದ್ದೆ. ಈ ವಯಸ್ಸಿನಲ್ಲಿ ಮಂಡಿ ಕೆಳಗಿನ ಎಲುಬಿನ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ. ತೊಡೆಯ ದೊಡ್ಡ ಸ್ನಾಯು ಜಗ್ಗುವುದು ಅಲ್ಲಿಯೇ. ಹುಡುಗನನ್ನು ವೈದ್ಯರಿಗೆ ತೋರಿಸಿ, ಎರಡು ತಿಂಗಳು ಜಿಗಿತ ಪೂರಾ ನಿಲ್ಲಿಸಿದೆವು. ಉಳಿದವರಿಗೂ ಮೊದಲಿನಿಂದ ಶುರುಮಾಡಿದೆ.

ಈ ಸಲ ಉಡುಪಿಯ ಅಜ್ಜರಕಾಡು ಮೈದಾನದಲ್ಲಿ, ಹುಲ್ಲಿನ ಮೇಲೆ. ಒಂದು ಮುರಕಲ್ಲು, ಅಂದರೆ ನಮ್ಮ ಕಡೆ ಗೋಡೆ ಕಟ್ಟುವ ಕೆಂಪು ಕಲ್ಲು, ತಂದು ಮಲಗಿಸಿಟ್ಟೆ. ಹೆಚ್ಚುಕಡಿಮೆ ಒಂದು ಗೇಣು ಎತ್ತರ ಬರುತ್ತದೆ, ಅಷ್ಟು ಸಾಕು. ಅದರ ಮೇಲಿಂದ ಹೆಜ್ಜೆ ಮುಂದಿಟ್ಟು ಎರಡೂ ಕಾಲಲ್ಲಿ ಇಳಿಯಬೇಕು, ಇಳಿದಲ್ಲೇ ಮೂರು ಎಣಿಸುವವರೆಗೆ ನಿಲ್ಲಬೇಕು. ಜಿಗಿಯುವುದಿಲ್ಲ. ಮಂಡಿಗಳು ಒಳಗೆ ವಾಲಬಾರದು, ಕಾಲ್ಬೆರಳಿನ ನೇರಕ್ಕೇ ಇರಬೇಕು. ನಾನು ಬೆನ್ನು ತಿರುಗಿಸಿ ನಿಂತು ಸದ್ದು ಕೇಳುತ್ತಿದ್ದೆ. "ಧಪ್" ಎಂದರೆ ಮತ್ತೆ ಮಾಡಿಸುತ್ತಿದ್ದೆ. ಸದ್ದಿಲ್ಲದೆ ಇಳಿದರೆ ಪಾದ, ಮಂಡಿ, ಸೊಂಟ ಮೂರೂ ಸೇರಿ ಭಾರ ಹಂಚಿಕೊಂಡಿವೆ ಎಂದೇ ಅರ್ಥ. ಮೂರು ವಾರ ಇಷ್ಟೇ. ಹುಡುಗರಿಗೆ ಬೇಜಾರಾಯಿತು ನಿಜ, ಆದರೆ ನಾನು ಬಿಡಲಿಲ್ಲ.

ಒಬ್ಬರ ತಂದೆ, "ಮಲ್ಪೆ ಬೀಚಿಗೆ ಕರ್ಕೊಂಡು ಹೋಗಿ ಮಾರಾಯ್ರೇ, ಹೊಯ್ಗೆ ಮೆತ್ತಗಿರ್ತದೆ" ಎಂದರು. ಹೋಗಿಯೂ ನೋಡಿದೆವು. ಒಣ ಹೊಯ್ಗೆಯಲ್ಲಿ ಇಳಿಯುವುದು ಹಿತ, ಕಾಲಿಗೆ ಒಳ್ಳೆ ಕೆಲಸವೂ ಹೌದು. ಆದರೆ ಪುಟಿಯುವುದನ್ನು ಅಲ್ಲಿ ಕಲಿಸಲು ಆಗುವುದಿಲ್ಲ. ಕಾಲು ನೆಲಕ್ಕೆ ಬಿದ್ದಾಗ ಸ್ನಾಯು, ಅದನ್ನು ಎಲುಬಿಗೆ ಕಟ್ಟುವ ಟೆಂಡನ್ ಹಿಗ್ಗುತ್ತವೆ. ಆ ಬಿಗಿ ಸಡಿಲಾಗುವ ಮೊದಲೇ ಮೇಲೇಳಬೇಕು. ಪಾದ ಕಾಲು ಸೆಕೆಂಡಿಗಿಂತ ಜಾಸ್ತಿ ನೆಲದಲ್ಲಿದ್ದರೆ ಆ ಪುಟಿತದ ಲಾಭ ಕಡಿಮೆಯಾಗುತ್ತದೆ. ಹೊಯ್ಗೆ ಪಾದವನ್ನು ನುಂಗಿಬಿಡುತ್ತದೆ, ಅಲ್ವಾ? ಹಾಗಾಗಿ ಪುಟಿಯುವ ಜಿಗಿತಕ್ಕೆ ಹುಲ್ಲಿಗೇ ಮರಳಿದೆವು.

ನಾಲ್ಕನೇ ವಾರದಿಂದ ಹಿಮ್ಮಡಿ ಮುಟ್ಟಿಸದ ಸಣ್ಣ ಪುಟಿತ, ಅಡ್ಡ ಜಿಗಿತ, ಉದ್ದ ಹೆಜ್ಜೆಯ ಜಿಗಿತ. ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶುಕ್ರವಾರ. ದಿನಕ್ಕೆ ಅರವತ್ತು ಸಲ ಕಾಲು ನೆಲಕ್ಕೆ ಬಿದ್ದರೆ ಮುಗಿಯಿತು. ಉಸಿರು ಪೂರ್ತಿ ಹತೋಟಿಗೆ ಬಂದ ಮೇಲೆಯೇ ಮುಂದಿನ ಸೆಟ್. ಸುಸ್ತಾದ ಕಾಲು ನಿಧಾನವಾಗಿ ಜಿಗಿಯುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ. ಬೌಲರ್‌ಗಳಿಗೆ ಇನ್ನೊಂದು ಲೆಕ್ಕವೂ ಇದೆ. ಪ್ರತಿ ಎಸೆತದಲ್ಲಿ ಮುಂಗಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಹೊರೆ ಬೀಳುತ್ತದೆ. ಎಂಟು ಓವರ್ ಹಾಕಿದರೆ 48 ಸಲ. ಅದೂ ಜಿಗಿತವೇ. ಆದ್ದರಿಂದ ಪಂದ್ಯವಿದ್ದ ವಾರ ಬೌಲರ್‌ಗಳಿಗೆ ಶುಕ್ರವಾರದ ಜಿಗಿತ ಇಲ್ಲ.

ಆಟದಲ್ಲಿ ಇದರ ಫಲ ನನಗೆ ಮೊದಲು ಕಂಡದ್ದು ಬೌಲಿಂಗಿನಲ್ಲಲ್ಲ, ಎರಡನೇ ರನ್ನಿನಲ್ಲಿ. ಕ್ರೀಸಿನಿಂದ ಕ್ರೀಸಿಗೆ 17.68 ಮೀಟರ್. ಓಡುವುದು ಎಲ್ಲರಿಗೂ ಬರುತ್ತದೆ, ತಿರುಗುವಾಗ ಹೊತ್ತು ಹೋಗುತ್ತದೆ. ಬಗ್ಗಿ, ಬ್ಯಾಟ್ ಊರಿ, ಒಂದೇ ಕಾಲಲ್ಲಿ ವೇಗ ಕೊಂದು ಅದೇ ಕಾಲಲ್ಲಿ ನೂಕಬೇಕು. ಅಡ್ಡ ಜಿಗಿತ ಕಲಿತ ಹುಡುಗರು ಅಲ್ಲಿ ತಡವರಿಸುತ್ತಿರಲಿಲ್ಲ. ಪಾಯಿಂಟಿನಲ್ಲಿ ನಿಲ್ಲುವವನಿಗೆ ಚೆಂಡು ಬ್ಯಾಟಿಗೆ ತಾಗುವ ಹೊತ್ತಿಗೆ ಸಣ್ಣದೊಂದು ಪುಟಿತ ಹೇಳಿಕೊಟ್ಟೆ. ಯಾವ ಕಡೆಗಾದರೂ ಹಾರಲು ಅವನ ಕಾಲು ಆಗಲೇ ತಯಾರಿರುತ್ತದೆ.

ಮಳೆಗಾಲದಲ್ಲಿ ಹುಲ್ಲು ಜಾರುತ್ತದೆ. ಜೂನ್ ಬಂದರೆ ಜಿಗಿತ ಬಿಟ್ಟು, ಚಾವಡಿಯಲ್ಲಿ ಎರಡು ಕಿಲೋ ಮೆಡಿಸಿನ್ ಬಾಲನ್ನು ಗೋಡೆಗೆ ಅಡ್ಡಕ್ಕೆ ಎಸೆಯುತ್ತೇವೆ. ಸೊಂಟ ಮೊದಲು ತಿರುಗಬೇಕು, ಕೈ ಆಮೇಲೆ.

ಮಂಡಿ ನೋವಿನ ಹುಡುಗ ಮರಳಿ ಬಂದು ವರ್ಷವಾಯಿತು. ಅವನೂ ಆ ಒಂದು ಕಲ್ಲಿನಿಂದಲೇ ಶುರುಮಾಡಿದ. ಈಗ ಇಳಿದರೆ ನನಗೆ ಸದ್ದೇ ಕೇಳುವುದಿಲ್ಲ. ಬರುವ ಮಂಗಳವಾರ ಅವನಿಗೆ ಮೊದಲ ಸಲ ಎರಡು ಕಲ್ಲು ಪೇರಿಸುತ್ತೇನೆ. ಇಳಿದು ನಿಲ್ಲುವುದು ಮಾತ್ರ, ಜಿಗಿತ ಸದ್ಯಕ್ಕಿಲ್ಲ.