ಒಂದೇ ಪಟ್ಟು ಸಾಕು: ಸಿಮೆಂಟ್ ಅಂಗಳದಲ್ಲಿ ಶೂಟೌಟ್ ಕಲಿಸುವ ಬಗೆ

ನಮ್ಮ ಅಪ್ಪ ದಾವಣಗೆರೆಯ ಗರಡಿಯಲ್ಲಿ ಮೈ ಪಳಗಿಸಿದವರು. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಇಳಿಯುತ್ತಿದ್ದ ಕಾಲದಲ್ಲಿ ಅವರು ನೆಚ್ಚಿಕೊಂಡಿದ್ದುದು ಒಂದೇ ಪಟ್ಟು. ಅದು ಎದುರಾಳಿಗೂ ಗೊತ್ತಿತ್ತು, ಸುತ್ತ ಕುಳಿತ ಜನಕ್ಕೂ ಗೊತ್ತಿತ್ತು. ಆದರೂ ಎದುರಾಳಿಗಳು ಮಣ್ಣು ಮುಟ್ಟುತ್ತಿದ್ದರು. ಸಂಜೆ ಹೊತ್ತು ಮಕ್ಕಳಿಗೆ ಚಕ್ರದ ಸ್ಕೇಟ್ಸ್ ಮೇಲೆ ಆಡುವ ರೋಲರ್ ಹಾಕಿಯನ್ನು ಕಲಿಸುವ ನಾನು, ಶೂಟೌಟ್ ಪಾಠವನ್ನು ಆ ಪಟ್ಟಿನಿಂದಲೇ ಆರಂಭಿಸುತ್ತೇನೆ.

ಮೊದಲು ನಿಯಮ ತಿಳಿಸಿ. ಪೂರ್ತಿ ಅವಧಿಯೂ ಐದು ನಿಮಿಷದ ಹೆಚ್ಚುವರಿ ಆಟವೂ ಮುಗಿದು ಗೋಲುಗಳು ಸಮವಾಗಿಯೇ ಉಳಿದರೆ ಶೂಟೌಟ್, ಅಂದರೆ ಗೋಲ್‌ಕೀಪರ್ ಎದುರು ಒಬ್ಬೊಬ್ಬರೇ ಹೋಗಿ ಗೋಲಿಗೆ ಹೊಡೆಯುವುದು. ಐಸ್ ಹಾಕಿಯ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ಗೆ ಇದು ಬಂದದ್ದು 2005-06ರಲ್ಲಿ. ಪ್ಲೇಆಫ್ ಪಂದ್ಯಗಳಲ್ಲಿ ಇಲ್ಲ. ತಂಡಕ್ಕೆ ಮೂವರು, ಆಗಲೂ ತೀರ್ಮಾನವಾಗದಿದ್ದರೆ ಒಬ್ಬೊಬ್ಬರಾಗಿ ಮುಂದುವರಿಯುತ್ತದೆ. ಅಂಕಣದ ನಡುವಿನಿಂದ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಒಯ್ಯಬೇಕು, ಅದು ಗೋಲಿನ ಕಡೆಗೆ ಚಲಿಸುತ್ತಲೇ ಇರಬೇಕು, ಗೋಲ್‌ಕೀಪರ್‌ಗೆ ತಾಗಿ ಮರಳಿದ್ದನ್ನು ಮತ್ತೆ ಹೊಡೆಯುವಂತಿಲ್ಲ. ಅಲ್ಲಿಯ ವೃತ್ತಿಪರರೂ ಒಟ್ಟಾರೆ ಸುಮಾರು ಮೂರರಲ್ಲಿ ಒಂದನ್ನಷ್ಟೇ ಗೋಲಾಗಿಸುತ್ತಾರೆ. ಹತ್ತರಲ್ಲಿ ಮೂರೇ ಬಂತೆಂದು ಅಳುವ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಸಾಮಾನು ಹೆಚ್ಚು ಬೇಡ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲನ್ನು ನಾನು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನಿಂದ ಮಾಡಿಸಿದೆ. ಐಸ್ ಹಾಕಿಯ ಅಳತೆಯೂ ಅದೇ. ಐಸ್ ಮೇಲಿನ ರಬ್ಬರ್ ಪಕ್ ಮಾತ್ರ ತರಿಸಬೇಡಿ. ನಾನು ತರಿಸಿ ಕೆಟ್ಟೆ. ಸಿಮೆಂಟ್ ಮೇಲೆ ಅದು ಕಚ್ಚಿಕೊಳ್ಳುತ್ತದೆ, ಇಲ್ಲವೇ ಅಂಚಿನ ಮೇಲೆ ನಿಂತು ನಾಣ್ಯದಂತೆ ಉರುಳಿ ಚರಂಡಿ ಸೇರುತ್ತದೆ. ಅಡಿಯಲ್ಲಿ ಸಣ್ಣ ಗುಬುಟುಗಳಿರುವ ಪ್ಲಾಸ್ಟಿಕ್ ಪಕ್ ಸಾಕು.

ಈಗ ಪಟ್ಟು. ಎನ್‌ಎಚ್‌ಎಲ್ ಶೂಟೌಟ್ ಗೋಲುಗಳ ಪಟ್ಟಿಯ ಮೇಲ್ತುದಿಯಲ್ಲಿರುವ ಪ್ಯಾಟ್ರಿಕ್ ಕೇನ್, ಜೊನಾಥನ್ ಟೇವ್ಸ್ ಇಬ್ಬರೂ ಶಿಕಾಗೊ ತಂಡದಲ್ಲಿ ಜೊತೆಯಾಗಿ ಆಡಿದವರು. ಆದರೆ ಕಲಿಯಲು ನಾನು ಆರಿಸಿಕೊಳ್ಳುವುದು ಡೆನ್ಮಾರ್ಕಿನ ಫ್ರಾನ್ಸ್ ನೀಲ್ಸನ್ ಅವರನ್ನು. 49 ಶೂಟೌಟ್ ಗೋಲು, ಪ್ರಯತ್ನಿಸಿದ್ದರಲ್ಲಿ ಹತ್ತಿರಹತ್ತಿರ ಅರ್ಧ. ಅದರಲ್ಲೂ ಬಹುಪಾಲು ಒಂದೇ ಪಟ್ಟಿನಿಂದ! ಫೋರ್‌ಹ್ಯಾಂಡ್ ಬದಿಯಲ್ಲಿ ಪಕ್ ಇಟ್ಟುಕೊಂಡು ಈಗ ಹೊಡೆದೇಬಿಡುತ್ತೇನೆ ಎಂಬಂತೆ ಭುಜ ತಗ್ಗಿಸುತ್ತಿದ್ದರು. ಗೋಲ್‌ಕೀಪರ್ ಮಂಡಿಯೂರಿದ ಕ್ಷಣದಲ್ಲಿ ಪಕ್ಕನ್ನು ಅಡ್ಡಕ್ಕೆ ಬ್ಯಾಕ್‌ಹ್ಯಾಂಡಿಗೆ ಎಳೆದು, ಕಾಲಿನ ಪ್ಯಾಡಿನ ಮೇಲಿಂದ ಬಲೆಯ ಮಾಡಿಗೆ ಎತ್ತಿಬಿಡುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ಪಟ್ಟು, ತಡೆದವರು ಅರ್ಧವಷ್ಟೇ.

ಇದರ ಜೀವ ಇರುವುದು ಆ ಮೊದಲ ಭಂಗಿಯಲ್ಲಿ. ತೋರಿಸುವ ಹೊಡೆತ ಸುಳ್ಳಾಗಿರಬಾರದು. ಗೋಲ್‌ಕೀಪರ್ ಕದಲದಿದ್ದರೆ ಅದನ್ನೇ ನಿಜವಾಗಿ ಹೊಡೆಯಬೇಕು. ಹಾಗೆ ಹೊಡೆಯಬಲ್ಲವರ ಮುಂದೆ ಯಾರೂ ಸುಮ್ಮನೆ ಕಾಯುತ್ತಾ ನಿಲ್ಲಲಾರರು. ಗೋಲಿನಿಂದ ಹನ್ನೆರಡು ಅಡಿಗೆ ಸುಣ್ಣದ ಗೆರೆ ಎಳೆಯಿರಿ. ಗೆರೆ ಮುಟ್ಟುವಷ್ಟರಲ್ಲಿ ಭುಜ ತಗ್ಗಿರಬೇಕು, ದಾಟಿದೊಡನೆ ಎಳೆತ ಶುರುವಾಗಬೇಕು. ಚಕ್ರಗಳು ಐಸ್ ಮೇಲಿನ ಅಲಗಿನಂತೆ ಜಾರಿ ನಿಲ್ಲುವುದಿಲ್ಲ. ತಡವಾಗಿ ಎಳೆದವರು ಗೋಲ್‌ಕೀಪರ್‌ಗೇ ಡಿಕ್ಕಿ ಹೊಡೆಯುತ್ತಾರೆ. ದಿನಕ್ಕೆ ಹತ್ತು ಪ್ರಯತ್ನ, ಮೂರು ವಾರ, ಇದೊಂದೇ ಪಟ್ಟು. ಬೇರೆಯದನ್ನು ಕೇಳುವ ಮಕ್ಕಳಿಗೆ ಖಂಡಿತವಾಗಿ ಇಲ್ಲ ಎನ್ನಿ.

ನಾಲ್ಕನೇ ವಾರ ನಿಧಾನವಾಗಿ ಬರುವುದನ್ನು ಕಲಿಸಿ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟಿ.ಜೆ. ಓಶಿ ರಷ್ಯಾದ ವಿರುದ್ಧ ಆರು ಬಾರಿ ಬಂದು ನಾಲ್ಕು ಗೋಲು ಹೊಡೆದರು. ಅಂತಾರಾಷ್ಟ್ರೀಯ ನಿಯಮದಲ್ಲಿ ಮೊದಲ ಮೂವರ ನಂತರ ಒಬ್ಬರನ್ನೇ ಮತ್ತೆ ಮತ್ತೆ ಕಳುಹಿಸಬಹುದಿತ್ತು. ಎದುರಿಗಿದ್ದವರು ಪ್ರತಿ ಸಲವೂ ಅದೇ ರಷ್ಯಾದ ಗೋಲ್‌ಕೀಪರ್ ಬೊಬ್ರೊವ್‌ಸ್ಕಿ. ಕೊನೆಯದು ಕಾಲುಗಳ ನಡುವಿನ ಸಂದಿನಿಂದ ಹೋಯಿತು. ಪಕ್ಕಕ್ಕೆ ಸರಿಯುವ ಗೋಲ್‌ಕೀಪರ್ ಒಂದು ಕಾಲಿನಿಂದ ನೂಕಿಕೊಳ್ಳಲೇಬೇಕು, ಆಗ ಆ ಸಂದು ತೆರೆಯುತ್ತದೆ. ವೇಗವಾಗಿ ಬಂದವರಿಗೆ ಅದು ಕಾಣುವುದೇ ಇಲ್ಲ.

1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್ ಫೈನಲ್‌ನ ಶೂಟೌಟ್‌ನಲ್ಲಿ ಸ್ವೀಡನ್ನಿನ ಪೀಟರ್ ಫೋರ್ಸ್‌ಬರ್ಗ್ ಒಂದೇ ಕೈಯಲ್ಲಿ ಸ್ಟಿಕ್ ಚಾಚಿ ಗೋಲಾಗಿಸಿದ್ದನ್ನು ಮಕ್ಕಳು ಎಲ್ಲಿಂದಲೋ ಹುಡುಕಿ ತರುತ್ತಾರೆ. ಸ್ವೀಡನ್ ಅದರ ಅಂಚೆಚೀಟಿಯನ್ನೇ ತಂದಿತು. ಚೆಂದದ ಪಟ್ಟು, ಕಣ್ಣು ತುಂಬಿ ಬರುತ್ತದೆ. ಆದರೂ ಮಣಿಕಟ್ಟು ಬಲಿಯುವವರೆಗೆ ಬೇಡ.

ಪಂದ್ಯಕ್ಕೆ ಮೂವರನ್ನು ಆರಿಸುವಾಗ ಹೆಸರು ನೋಡಬೇಡಿ, ಪುಸ್ತಕ ನೋಡಿ. ನಾನು ಪ್ರತಿ ಮಗುವಿನ ಹೆಸರಿನ ಮುಂದೆ ದಿನದ ಗೋಲುಗಳನ್ನು ಬರೆಯುತ್ತೇನೆ. 1998ರ ನಾಗಾನೊ ಒಲಿಂಪಿಕ್ಸ್ ಸೆಮಿಫೈನಲ್‌ನ ಶೂಟೌಟ್‌ಗೆ ತಂಡಕ್ಕೆ ಐವರಿದ್ದರು. ಕೆನಡಾ ತನ್ನ ಐವರಲ್ಲಿ ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್‌ಕಿಯನ್ನು ಸೇರಿಸಲಿಲ್ಲ, ಐವರನ್ನೂ ಜೆಕ್ ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್ ತಡೆದರು. ಆ ಆಯ್ಕೆಯ ಬಗ್ಗೆ ಇಂದಿಗೂ ವಾದವಿದೆ. ನಿಮ್ಮ ಆಯ್ಕೆಯನ್ನು ಪೋಷಕರು ಪ್ರಶ್ನಿಸಿದರೆ ತೆರೆದು ತೋರಿಸಲು ಪುಸ್ತಕವೊಂದು ಇರಲಿ.

ಎನ್‌ಎಚ್‌ಎಲ್ ಪಂದ್ಯಗಳು ನಮ್ಮ ಬೆಳಗಿನ ಹೊತ್ತಿಗೆ ನಡೆಯುತ್ತವೆ. ಒಮ್ಮೆ ತಿಂಡಿಯ ವೇಳೆಗೆ ಅಪ್ಪನಿಗೆ ಮೊಬೈಲಿನಲ್ಲಿ ನೀಲ್ಸನ್ ಅವರ ಹಳೆಯ ಗೋಲೊಂದನ್ನು ತೋರಿಸಿದೆ. ಮೂರು ಸಲ ಹಾಕಿಸಿಕೊಂಡು ನೋಡಿದರು. ತಟ್ಟೆ ಬದಿಗಿಟ್ಟು, “ಅವನು ಕೆಳಗೆ ನೋಡುತ್ತಲೇ ಇಲ್ಲವಲ್ಲ ಮಗಳೇ, ಎದುರಿನವನ ಮಂಡಿ ನೋಡುತ್ತಿದ್ದಾನೆ” ಎಂದರು. ಅಷ್ಟು ವರ್ಷ ಕಲಿಸಿಯೂ ನನಗೆ ಅದು ಹೊಳೆದಿರಲಿಲ್ಲ.

ಅಂದು ಸಂಜೆಯಿಂದ ಗೋಲಿನಲ್ಲಿ ನಾನೇ ನಿಲ್ಲುತ್ತೇನೆ. ಮಗು ಪಕ್ ಒಯ್ಯುತ್ತಾ ಬರುವಾಗ ನನ್ನ ಮಂಡಿಯ ಮುಂದೆ ಒಂದೋ ಮೂರೋ ಬೆರಳು ಹಿಡಿಯುತ್ತೇನೆ. ಹನ್ನೆರಡು ಅಡಿಯ ಗೆರೆ ದಾಟುವ ಮೊದಲು ಎಷ್ಟು ಬೆರಳೆಂದು ಕೂಗಿ ಹೇಳಬೇಕು. ತಪ್ಪು ಹೇಳಿದರೆ ಗೋಲಾದರೂ ಪುಸ್ತಕದಲ್ಲಿ ಬರೆಯುವುದಿಲ್ಲ.