ತಾಂಡಾ ಮಕ್ಕಳಿಗೆ ಕನ್ನಡ ಬಂದದ್ದು ಹೀಗೆ: ನನ್ನ ಅನುಭವ

ಚನ್ನಗಿರಿ ತಾಲ್ಲೂಕಿನ ನಮ್ಮ ತಾಂಡಾ ಶಾಲೆಗೆ ಒಂದನೇ ತರಗತಿಗೆ ಬರೋ ಮಕ್ಕಳಲ್ಲಿ ಮುಕ್ಕಾಲು ಪಾಲು ಮನೇಲಿ ಲಂಬಾಣಿಯನ್ನೇ ಆಡೋರು. ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಗಳ ಆಡ್ತಾ ಕಲಿಯೋ ವಿಧಾನ, ಅದರ ಕಾರ್ಡು, ಏಣಿ, ತಟ್ಟೆ ನಿಮಗೆಲ್ಲ ಗೊತ್ತಿರೋದೇ, ಅದನ್ನ ಬಿಡ್ತೀನಿ. ದಸರಾ ರಜೆ ಮುಗಿಯೋವರೆಗೂ ನಾನು ಅಕ್ಷರ ಮುಟ್ಟಲಿಲ್ಲ, ಮಕ್ಕಳ ಒಂದು ಮಾತನ್ನೂ ತಿದ್ದಲಿಲ್ಲ. ಕ್ಲಸ್ಟರ್ (ಸುತ್ತಮುತ್ತಲ ಶಾಲೆಗಳ ಗುಂಪು) ಸಭೆಯಲ್ಲಿ ಎಲ್ಲರ ಎದುರೇ ಒಬ್ಬರು, "ಮೇಡಂ, ಬರೀ ಮಾತಾಡ್ಕೊಂಡು ಕೂತ್ರೆ ಮೌಲ್ಯಮಾಪನಕ್ಕೆ ಏನ್ ತೋರಿಸ್ತೀರಿ?" ಅಂದರು. ಈಗ ಅದೇ ಮಕ್ಕಳು ಎರಡನೇ ತರಗತಿಯಲ್ಲಿದ್ದಾರೆ. ಹೊಸದಾಗಿ ಬಂದವರಿಗೆ ಕನ್ನಡದಲ್ಲಿ ಕಥೆ ಹೇಳೋರು ಅವರೇ.

ಇದಕ್ಕೆ ಮುಂಚೆ ಕೈಕೊಟ್ಟ ದಾರಿಗಳು ಹಲವು. "ನಾನು ಹೇಳಿದ್ದನ್ನ ಹೇಳಿ" ಅಂತ ಸಾಮೂಹಿಕವಾಗಿ ಹೇಳಿಸೋದು ಮೊದಲನೆಯದು. ಮಕ್ಕಳು ಗಂಟಲು ಹರಿಯೋ ಹಾಗೆ ಕೂಗೋರು, ಬಾಯಾರಿದರೆ ನೀರು ಕೇಳೋಕೆ ಮಾತ್ರ ಬಾಯಿ ಬರ್ತಿರಲಿಲ್ಲ. ಆಮೇಲೆ ಚಾರ್ಟು: ಒಂದು ಕಡೆ ಪಾಣಿ, ಬಾಟಿ, ಇನ್ನೊಂದು ಕಡೆ ನೀರು, ರೊಟ್ಟಿ. ದಾವಣಗೆರೆಯಲ್ಲಿ ಪ್ರಿಂಟು, ಲ್ಯಾಮಿನೇಷನ್ ಸೇರಿ 3 ಸಾವಿರದ ಹತ್ತಿರ ಆಯ್ತು. ಮಕ್ಕಳಿಗೆ ಪಾಣಿ ಸಿಕ್ಕಮೇಲೆ ನೀರು ಯಾಕೆ ಬೇಕು? ಆ ಕಡೆ ನೋಡಲೇ ಇಲ್ಲ. ಕೊನೆಗೆ ಸ್ವಂತ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಟ್ಯಾಬು, 7-8 ಸಾವಿರ. ಅದರಲ್ಲಿ ಕನ್ನಡ ವಿಡಿಯೋ ಹಾಕಿದರೆ ಕಣ್ಣು ಮಿಟುಕಿಸದೆ ನೋಡಿದರು, ತುಟಿ ಬಿಚ್ಚಲಿಲ್ಲ. ಅಮೆರಿಕದಲ್ಲಿ ಪ್ಯಾಟ್ರಿಷಿಯಾ ಕೂಲ್ ಮತ್ತು ಜೊತೆಯವರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿದೆ. ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನೀ ಭಾಷೆಯವರು ಎದುರಿಗೆ ಕೂತು ಆಡಿದಾಗ ಆ ಭಾಷೆಯ ಧ್ವನಿ ಕಿವಿಗೆ ಹತ್ತಿತು, ಅದನ್ನೇ ವಿಡಿಯೋದಲ್ಲಿ ತೋರಿಸಿದರೆ ಹತ್ತಲಿಲ್ಲ.

ಮಾತು ಕಲಿಯೋ ಶಕ್ತಿ ಮಗುವಿಗೆ ಹುಟ್ಟುತ್ತಲೇ ಇರುತ್ತೆ, ಬರೀ ಅನುಕರಣೆಯಿಂದ, ಬಹುಮಾನದಿಂದ ಭಾಷೆ ಬರೋದಲ್ಲ ಅಂತ ಭಾಷಾವಿಜ್ಞಾನಿ ಚೋಮ್ಸ್ಕಿ ಹೇಳಿದ್ದನ್ನ ಡಿ.ಎಡ್. (ಶಿಕ್ಷಕರ ತರಬೇತಿ) ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ. ಅದನ್ನ ನಂಬಿ ತರಗತಿ ನಡೆಸಿದೋರು ನಮ್ಮ ಕ್ಲಸ್ಟರ್‌ನಲ್ಲಿ ಯಾರೂ ಇರಲಿಲ್ಲ. ನಾನು ನಂಬಿದೆ.

ದಿನಾ ಬೆಳಗ್ಗೆ ಒಂದು ಗಂಟೆ ಕೆಲಸ, ಕೆಲಸದ ಜೊತೆಗೇ ಮಾತು. ಎಲ್ಲಕ್ಕಿಂತ ಚೆನ್ನಾಗಿ ನಡೆದಿದ್ದು ಖಾರ ಮಂಡಕ್ಕಿ. ದೊಡ್ಡ ಬೇಸಿನ್ ಸುತ್ತ ಎಂಟೆಂಟು ಮಕ್ಕಳು. "ಈರುಳ್ಳಿ ಹಾಕು, ಇನ್ನೂ ಹಾಕು, ಸಾಕು. ಕಲಸು. ಅಯ್ಯೋ, ಮೆತ್ತಗಾಯ್ತು, ಬೇಗ ತಿನ್ನಿ!" ಮಗು ಲಂಬಾಣಿಯಲ್ಲಿ ಕೇಳಿದರೂ ಕೊಡ್ತೀನಿ, ನನ್ನ ಉತ್ತರ ಕನ್ನಡದಲ್ಲಿ. ವಾರಕ್ಕೆ ಎರಡು ಸಲ ಮಾಡಿದರೆ ಮಂಡಕ್ಕಿ, ಶೇಂಗಾ, ಪುಟಾಣಿಗೆ ತಿಂಗಳಿಗೆ 600-700 ರೂಪಾಯಿ. ಮೊದಲು ನನ್ನ ಕೈಯಿಂದ, ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರೇ ಮಂಡಕ್ಕಿ ಚೀಲ ಕಳಿಸೋಕೆ ಶುರು ಮಾಡಿದರು. ತೀರಾ ಮೌನವಾಗಿರೋ ಮಗುವನ್ನ ಮಾತಿಗೆ ಎಳೆಯೋಕೆ ಒಂದು ಚೀಲದ ಆಟ ಇಟ್ಟುಕೊಂಡಿದ್ದೀನಿ. ಅದನ್ನ ಬರೆಯಲ್ಲ, ನಮ್ಮ ಶಾಲೆಗೆ ಬಂದೋರಿಗೆ ತೋರಿಸ್ತೀನಿ.

ಜೂನ್, ಜುಲೈ ಪೂರ್ತಿ ಬಹುಪಾಲು ಮೌನ. ಆಗಲೇ ಧೈರ್ಯ ಬೇಕಾಗೋದು. ಗಣಪತಿ ಹಬ್ಬದ ಹೊತ್ತಿಗೆ ಒಬ್ಬ ಹುಡುಗಿ ಪಕ್ಕದವನ ಮೇಲೆ ಸಿಟ್ಟಾಗಿ, "ಟೀಚರ್, ಶೇಂಗಾ ನಾನೇ ಕೊಡಿದೆ!" ಅಂದಳು. ಕುಣಿದಾಡೋ ಹಾಗಾಯ್ತು ನನಗೆ. ಚನ್ನಗಿರಿಯಲ್ಲಾಗಲಿ ಬೇರೆಲ್ಲೇ ಆಗಲಿ, ದೊಡ್ಡವರು ಯಾರೂ "ಕೊಡಿದೆ" ಅನ್ನಲ್ಲ. ಅವಳು ಅದನ್ನ ಯಾರ ಬಾಯಿಂದಲೂ ಕೇಳಿರಲಿಲ್ಲ. ಮಾಡಿದೆ, ಹಾಕಿದೆ, ಓಡಿದೆ ಅನ್ನೋದನ್ನ ಕೇಳಿ ಕೇಳಿ ಒಳಗೇ ನಿಯಮ ಕಟ್ಟಿಕೊಂಡು "ಕೊಡು"ಗೂ ಹಚ್ಚಿದ್ದಳು. ತಿದ್ದಲಿಲ್ಲ. "ಹೌದಾ, ನೀನೇ ಕೊಟ್ಟೆಯಾ?" ಅಂದೆ, ಅಷ್ಟೇ. ಸಂಕ್ರಾಂತಿಯ ಹೊತ್ತಿಗೆ "ಕೊಟ್ಟೆ" ತಾನಾಗೇ ಬಂತು.

ಈ ಹುಚ್ಚಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. 1958ರಲ್ಲಿ ಜೀನ್ ಬರ್ಕೋ ಅನ್ನೋ ಭಾಷಾ ಸಂಶೋಧಕಿ ಇಲ್ಲದ ಪದ ಕೊಟ್ಟು ಇಂಗ್ಲಿಷ್ ಆಡೋ ಮಕ್ಕಳಿಂದ ಬಹುವಚನ ಹೇಳಿಸಿದ್ದರು. ನಾನು ಜೇಡಿಮಣ್ಣಲ್ಲಿ ಎರಡು ವಿಚಿತ್ರ ವಸ್ತು ಮಾಡಿ "ಟಿಮ", "ಡುಗ್ಗು" ಅಂತ ಹೆಸರಿಟ್ಟೆ. ಅವುಗಳ ಮೇಲೆ ಹುಣಸೆ ಬೀಜ ಇಟ್ಟು, "ಬೀಜ ಎಲ್ಲಿದೆ?" ಅಂದೆ. ಹೆಚ್ಚುಕಡಿಮೆ 20 ಮಕ್ಕಳಲ್ಲಿ ಮೂರು ನಾಲ್ಕು ಜನ ಬಿಟ್ಟು ಉಳಿದೋರೆಲ್ಲ "ಟಿಮದ ಮೇಲೆ", "ಡುಗ್ಗಿನ ಮೇಲೆ" ಅಂದರು. ಎಲ್ಲಿ "ದ", ಎಲ್ಲಿ "ಇನ" ಅಂತ ಅವರಿಗೆ ಕಾರ್ಡಿನಲ್ಲೂ ಹೇಳಿಲ್ಲ, ನಾನೂ ಹೇಳಿಲ್ಲ. ಅನುಮಾನ ಇರೋರು ನಾಳೆಯೇ ಮಾಡಿ ನೋಡಿ, ಮಣ್ಣಿಗೆ ಖರ್ಚಿಲ್ಲ.

"ಹುಟ್ಟುತ್ತಲೇ ಬಂದಿದ್ದರೆ ನೀವ್ಯಾಕೆ ಮಂಡಕ್ಕಿ ಕಲಸ್ತೀರಿ?" ಅಂತ ಒಬ್ಬರು ಸಹೋದ್ಯೋಗಿ ಕೇಳಿದರು. ಮಧ್ಯ ಅಮೆರಿಕದ ನಿಕರಾಗುವ ದೇಶದ ಕಿವುಡ ಮಕ್ಕಳನ್ನ ನೆನಪಿಸಿದೆ. ಮನೆಗಳಲ್ಲಿ ಒಂಟಿಯಾಗಿದ್ದಾಗ ಅವರಿಗಿದ್ದದ್ದು ಬರೀ ಮನೆಮಟ್ಟದ ಸನ್ನೆ. 1970ರ ದಶಕದ ಕೊನೆಯಿಂದ ಶಾಲೆಗಳಲ್ಲಿ ಒಟ್ಟಿಗೆ ಸೇರಿದ ಮೇಲೆ ತಾವೇ ಒಂದು ಹೊಸ ಸನ್ನೆಭಾಷೆ ಕಟ್ಟಿದರು. ಆಮೇಲೆ ಬಂದ ಚಿಕ್ಕ ಮಕ್ಕಳು ಅದಕ್ಕೆ ಇನ್ನಷ್ಟು ವ್ಯಾಕರಣ ಸೇರಿಸಿದರು. ಶಕ್ತಿ ಒಳಗಿದ್ದರೂ ಎದುರಿಗೆ ಮಾತಾಡೋರು ಬೇಕು. ನಮ್ಮಲ್ಲೂ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯೋಕೆ ಹೋದ ಮೂವರು ತಿಂಗಳುಗಟ್ಟಲೆ ತರಗತಿ ತಪ್ಪಿಸಿಕೊಂಡು ಹಿಂದೆ ಬಿದ್ದರು. ಈ ಜೂನ್‌ನಿಂದ ಅವರನ್ನ ಮತ್ತೆ ಬೇಸಿನ್ ಸುತ್ತ ಕೂರಿಸಿದ್ದೀನಿ, ಒಬ್ಬ ಆಗಲೇ ಪಕ್ಕದವನ ಪಾಲಿಗೆ ಕನ್ನಡದಲ್ಲೇ ಜಗಳಕ್ಕಿಳಿದಿದ್ದಾನೆ.