ಮಳೆಗಾಲದಲ್ಲಿ ಪುಟ್ಟ ಮಕ್ಕಳಿಗೆ ಜಗಲಿಯ ನೀರಾಟ

ಉಡುಪಿಯ ಮಳೆಯಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡುವುದು ಕಷ್ಟ. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲ್, ಟಿ.ವಿ. ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯೂ ಹೇಳುವುದರಿಂದ, ಜಗಲಿಯಲ್ಲೇ ನೀರಾಟಕ್ಕೆ ಅವಕಾಶ ಮಾಡಿಕೊಡಬಹುದು. ಅಗಲವಾದ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು, ಅಂಚನ್ನು ಉಜ್ಜಿ ನಯಗೊಳಿಸಿದ ತೆಂಗಿನ ಗೆರಟೆ ಮತ್ತು ಸಣ್ಣ ಸ್ಟೀಲ್ ಲೋಟ ಇದ್ದರೆ ಸಾಕು. ದುಬಾರಿ ಆಟಿಕೆಯ ಅಗತ್ಯ ನನಗಂತೂ ಕಾಣುವುದಿಲ್ಲ. ಗೆರಟೆಯಲ್ಲಿ ನೀರು ಮೊಗೆದು ಲೋಟಕ್ಕೆ ಸುರಿಯುವಾಗ ಮಗುವಿನ ಮಣಿಕಟ್ಟಿಗೆ ಹಿಡಿತ ಬರುತ್ತದೆ, ಕಣ್ಣು ಮತ್ತು ಕೈ ಜೊತೆಯಾಗಿ ಕೆಲಸ ಮಾಡಲು ಕಲಿಯುತ್ತವೆ. ಚಮಚದಲ್ಲಿ ಗಂಜಿ ತಿನ್ನಲು ಬೇಕಾಗುವುದೂ ಇದೇ ಚಳಕ. ಸುಮಾರು 18 ತಿಂಗಳಿಗೆ ಹೆಚ್ಚಿನ ಮಕ್ಕಳು ಚಮಚ ಬಳಸಲು ಯತ್ನಿಸುತ್ತಾರೆ, ಆಗ ಅರ್ಧ ಗಂಜಿ ನೆಲದ ಪಾಲಾದರೂ ಅಜ್ಜಿಯಂದಿರು ಚಮಚ ಕಿತ್ತುಕೊಳ್ಳದಿರುವುದು ಒಳ್ಳೆಯದು. ತುಂಬಿತು, ಖಾಲಿಯಾಯಿತು ಎಂದು ತುಳುವಿನಲ್ಲೋ ಕೊಂಕಣಿಯಲ್ಲೋ ಮನೆಮಾತಿನಲ್ಲೇ ಹೇಳುತ್ತಿದ್ದರೆ ಮಾತೂ ಬೆಳೆಯುತ್ತದೆ.

ಕೆಲವೇ ಇಂಚು ನೀರಿನಲ್ಲೂ ಈ ವಯಸ್ಸಿನ ಮಗು ಮುಳುಗಬಹುದಾದ್ದರಿಂದ, ಹಿರಿಯರೊಬ್ಬರು ಕೈಗೆಟಕುವ ದೂರದಲ್ಲೇ ಕುಳಿತಿರಬೇಕು ಮತ್ತು ಆಟ ಮುಗಿದ ಕೂಡಲೇ ತಟ್ಟೆಯನ್ನೂ ಬಚ್ಚಲಿನ ಬಾಲ್ದಿಯನ್ನೂ ಬರಿದು ಮಾಡಿ ಬೋರಲಿಡಬೇಕು. ನೀರಿನ ಬದಲು ಕಡಲೆ, ಹುರುಳಿ ಕೊಡುವ ರೂಢಿಯೂ ಕೆಲವೆಡೆ ಇದೆ. ಕಾಳು ಗಂಟಲಿನಲ್ಲಿ ಸಿಲುಕುವ ಅಪಾಯವಿರುವುದರಿಂದ ಅದು ಬೇಡ.